ನಾಲಿಗೆಗೆ ಬರುವುದು ಮನಸ್ಸಿಗೂ ಬರಲಿ

ನೀವು ನಮಾಜ್ ತಪ್ಪಿಸುವವರಲ್ಲ, ಅದು ನನಗೆ ಗೊತ್ತು. ಮನೆಗೆ ನೆಂಟರು ಬಂದಿದ್ದರೂ, ಮೊಣಕಾಲು ನೋಯುತ್ತಿದ್ದರೂ, ಹೊತ್ತಿಗೆ ಸರಿಯಾಗಿ ವುಜೂ ಮಾಡಿ ಜಾನಮಾಜ್ ಹಾಸುತ್ತೀರಿ. ಅಷ್ಟು ಶಿಸ್ತು ಇರುವವರಿಗೇ ನಾನು ಈ ಮಾತು ಹೇಳಬೇಕೆಂದಿರುವುದು. ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ರುಕೂವಿನಲ್ಲಿ ಬಾಗಿ ಮೂರು ಸಲ ಒಂದು ಮಾತು ಹೇಳುತ್ತೀರಿ. ಸಜ್ದಾದಲ್ಲಿ ಹಣೆ ಊರಿ ಮೂರು ಸಲ ಇನ್ನೊಂದು ಮಾತು ಹೇಳುತ್ತೀರಿ. ಎರಡಕ್ಕೂ ಇರುವ ವ್ಯತ್ಯಾಸ ಏನು?

ಥಟ್ಟನೆ ಉತ್ತರ ಬರಲಿಲ್ಲವೇ? ಹಾಗಾದರೆ ಕೂತುಕೊಳ್ಳಿ, ಹೇಳುತ್ತೇನೆ. ರುಕೂವಿನಲ್ಲಿ ಹೇಳುವ 'ಸುಬ್‌ಹಾನ ರಬ್ಬಿಯಲ್ ಅಜೀಮ್' ಎಂದರೆ ನನ್ನ ಪ್ರಭು ಪರಮ ಪಾವನ, ಅವನು ಮಹಾನ್ ಎಂದು. ಸಜ್ದಾದ 'ಸುಬ್‌ಹಾನ ರಬ್ಬಿಯಲ್ ಆಲಾ' ಎಂದರೆ ನನ್ನ ಪ್ರಭು ಪರಮ ಪಾವನ, ಅವನು ಎಲ್ಲಕ್ಕಿಂತ ಎತ್ತರದವನು ಎಂದು. ಹಣೆ ನೆಲ ಮುಟ್ಟಿದೆ, ಅದಕ್ಕಿಂತ ಕೆಳಗೆ ಬಾಗಲು ಜಾಗವೇ ಇಲ್ಲ. ಆಗ ನಾಲಿಗೆ ಆ ಅತಿ ಎತ್ತರದವನನ್ನು ನೆನೆಯುತ್ತದೆ. ಇಷ್ಟು ತಿಳಿದವರು ಸಜ್ದಾದಿಂದ ದಡಕ್ಕನೆ ತಲೆ ಎತ್ತುವುದಿಲ್ಲ.

ದಿನದ ಐದು ಹೊತ್ತಿನ ಫರ್ಜ್ ಎಂದರೆ 17 ರಕಅತ್. ಸುನ್ನತ್, ವಿತ್ರ್ ಯಾವುದನ್ನೂ ಸೇರಿಸದೆ ಹಿಡಿದರೂ ರುಕೂವಿನ ಈ ಮಾತು ದಿನಕ್ಕೆ 51 ಸಲ ಆಯಿತು, ಸಜ್ದಾದ್ದು 102 ಸಲ. ಚಿಕ್ಕಂದಿನಿಂದ ಇಷ್ಟು ಸಲ ಹೇಳುತ್ತಾ ಬಂದವರು ಅದೇನೆಂದು ಒಮ್ಮೆಯೂ ವಿಚಾರಿಸದೆ ತಲೆ ನರೆಯುವವರೆಗೂ ಇದ್ದುಬಿಡುತ್ತಾರೆ ಎಂದರೆ ನನಗೆ ಸಂಕಟವಾಗುತ್ತದೆ. ಬ್ಯಾಂಕಿನ ಅರ್ಜಿಗೆ ಓದದೆ ರುಜು ಹಾಕಬೇಡ ಎಂದು ಮಗನಿಗೆ ಬುದ್ಧಿ ಹೇಳುವವರು ನೀವು. ಅಲ್ಲಾಹನ ಮುಂದೆ ದಿನವೂ ಇಡುವ ಅರ್ಜಿಯಲ್ಲಿ ಏನು ಬರೆದಿದೆ ಎಂದು ನೋಡಬಾರದೇ?

ತಪ್ಪು ನಿಮ್ಮೊಬ್ಬರದೇ ಎಂದು ನಾನು ಹೇಳುತ್ತಿಲ್ಲ. ನಮಗೆ ಕಲಿಸಿದ ರೀತಿಯೇ ಹಾಗಿತ್ತು. ಬೆಳಿಗ್ಗೆ ಮದ್ರಸಾದಲ್ಲಿ ಕಾಯಿದೆ ಹಿಡಿದು ಅಕ್ಷರ ಕೂಡಿಸಿದೆವು, ಸೂರಾಗಳನ್ನು ಬಾಯಿಪಾಠ ಮಾಡಿದೆವು, ತಪ್ಪಿದಲ್ಲಿ ತಿದ್ದಿಸಿಕೊಂಡೆವು. ಅರ್ಥದ ಪಾಠ ಬರುವಷ್ಟರಲ್ಲಿ ಶಾಲೆಯ ಪರೀಕ್ಷೆ ಬಂದು ಮದ್ರಸಾ ಬಿಟ್ಟುಹೋಯಿತು. ಹಿಂದಿನವರಿಗೆ ಒಂದು ಆಸರೆಯಿತ್ತು. ಕಲಬುರಗಿ, ಬೀದರ್, ಹುಬ್ಬಳ್ಳಿ ಕಡೆಯ ಅಜ್ಜ ಅಜ್ಜಿಯರು ಉರ್ದು ಓದಿ ಅರ್ಥ ತಿಳಿದುಕೊಳ್ಳುತ್ತಿದ್ದರು. ಕರಾವಳಿಯಲ್ಲಿ ಅರಬಿ ಲಿಪಿಯಲ್ಲಿ ಬರೆದ ಮಲಯಾಳಂ ಪುಸ್ತಕಗಳು ಆ ಕೆಲಸ ಮಾಡುತ್ತಿದ್ದವು. ಈಗ ಮನೆಯಲ್ಲಿ ದಖ್ಖನಿ ಮಾತಾಡುವ ಎಷ್ಟೋ ಮಕ್ಕಳಿಗೂ ಉರ್ದು ಅಕ್ಷರ ಬರುವುದಿಲ್ಲ. ನದಾಫರ, ಪಿಂಜಾರರ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವೇ ಮನೆಮಾತು, ಅವರಿಗಂತೂ ಉರ್ದುವೂ ಕಲಿತೇ ಬರಬೇಕಾದ ಭಾಷೆ. ಹಳೆಯ ಆಸರೆ ಹೋಯಿತು, ಹೊಸದನ್ನು ಕಟ್ಟಿಕೊಳ್ಳಲಿಲ್ಲ. ಕಟ್ಟಿಕೊಳ್ಳಬೇಕಾದವರು ನಾವೇ.

ಅರಬಿ ನನ್ನ ಭಾಷೆಯಲ್ಲ, ನನ್ನಿಂದ ಆಗದು ಎಂದು ಮಾತ್ರ ಹೇಳಬೇಡಿ. ಜಗತ್ತಿನ ಮುಸ್ಲಿಮರಲ್ಲಿ ಅರಬಿ ಮನೆಮಾತಿನವರೇ ಕಡಿಮೆ. ಇಂಡೋನೇಷ್ಯಾ, ಪಾಕಿಸ್ತಾನ, ಬಾಂಗ್ಲಾದೇಶ, ತುರ್ಕಿ, ನಮ್ಮ ಭಾರತ, ಎಲ್ಲ ಕಡೆಯೂ ಕಲಿತೇ ಹೇಳುವವರು. ಅಜಾನ್ ಕರೆಯಲು ಪ್ರವಾದಿವರ್ಯರು (ಸ) ನೇಮಿಸಿದ ಬಿಲಾಲರು ಅಬಿಸೀನಿಯಾ ಮೂಲದವರು. ಸಲ್ಮಾನ್ ಫಾರಿಸಿ ಪರ್ಷಿಯಾದವರು. ಅರಬಿ ವ್ಯಾಕರಣಕ್ಕೆ ಇಂದಿಗೂ ತಳಹದಿಯಾಗಿರುವ ಗ್ರಂಥವನ್ನು 8ನೇ ಶತಮಾನದಲ್ಲಿ ಬರೆದ ಸೀಬವೈಹಿ ಕೂಡ ಪರ್ಷಿಯನ್ನರೇ. ಮನಸ್ಸಿದ್ದರೆ ಮಾರ್ಗ.

ಇನ್ನು ಕೆಲವರು ಕೇಳುತ್ತಾರೆ, ಇಷ್ಟೆಲ್ಲ ಕಷ್ಟ ಯಾಕೆ, ಕನ್ನಡದಲ್ಲೇ ನಮಾಜ್ ಮಾಡಿದರೆ ಆಗದೇ ಎಂದು. ಕೇಳಿದ್ದು ತಪ್ಪಲ್ಲ, ಇದು ಹೊಸ ಪ್ರಶ್ನೆಯೂ ಅಲ್ಲ. ಇಮಾಮ್ ಅಬೂ ಹನೀಫಾ ಕ್ರಿ.ಶ. 699ರಲ್ಲಿ ಕೂಫಾದಲ್ಲಿ ಹುಟ್ಟಿದವರು. ಅವರ ಕಾಲದಲ್ಲಿ ಪರ್ಷಿಯನ್ ಮಾತಾಡುವ ಹೊಸ ಮುಸ್ಲಿಮರು ಗುಂಪುಗುಂಪಾಗಿ ಬರುತ್ತಿದ್ದರು. ನಮಾಜಿನಲ್ಲಿ ಪರ್ಷಿಯನ್‌ನಲ್ಲಿ ಓದಿದರೂ ಆಗುತ್ತದೆ ಎಂದು ಇಮಾಮರು ಹೇಳಿದ್ದುಂಟು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಅದನ್ನು ಅರಬಿ ಉಚ್ಚರಿಸಲು ಬಾರದವರಿಗಷ್ಟೇ ಎಂದು ಬಿಗಿ ಮಾಡಿದರು. ಗುರುಗಳೂ ಕೊನೆಗೆ ಶಿಷ್ಯರ ಮಾತಿಗೇ ಬಂದರೆಂದು ಹನಫಿ ಗ್ರಂಥಗಳು ಹೇಳುತ್ತವೆ. ಉಳಿದ ಮೂರು ಮದ್‌ಹಬ್‌ಗಳು ಮೊದಲಿನಿಂದಲೂ ಒಪ್ಪಲಿಲ್ಲ. ತುರ್ಕಿಯಲ್ಲಿ 1932ರಿಂದ ಅಜಾನನ್ನೇ ತುರ್ಕಿ ಭಾಷೆಯಲ್ಲಿ ಕರೆಯುವಂತೆ ಸರ್ಕಾರ ಮಾಡಿತು. 1950ರಲ್ಲಿ ಆ ಕಟ್ಟು ಸಡಿಲವಾಯಿತು, ಮಸೀದಿಗಳು ಕೂಡಲೇ ಅರಬಿಗೆ ಮರಳಿದವು. ಭಟ್ಕಳದವರು ಜಕಾರ್ತಾದ ಮಸೀದಿಗೆ ಹೋದರೂ ಸಾಲಿನಲ್ಲಿ ನಿಂತು ಜೊತೆಗೂಡಬಹುದು, ಅದು ಈ ಒಂದೇ ಮಾತಿನ ಬಲ. ಅದನ್ನು ಕಳೆದುಕೊಳ್ಳಬೇಡಿ. ನಾಲಿಗೆಯಲ್ಲಿ ಅರಬಿ ಇರಲಿ. ತಲೆಯಲ್ಲಿ, ಎದೆಯಲ್ಲಿ ಅದರ ಅರ್ಥ ಕನ್ನಡದಲ್ಲೇ ಇರಲಿ.

ಈಗ ಎಲ್ಲಿಂದ ಶುರು ಮಾಡುವುದು? ಇಲ್ಲೇ ಬಹಳ ಜನ ಎಡವುತ್ತಾರೆ. ರಮಜಾನ್ ಬಂದ ಕೂಡಲೇ ಹುಮ್ಮಸ್ಸಿನಲ್ಲಿ ದಪ್ಪನೆಯ ಅನುವಾದ ತರುತ್ತಾರೆ, ಸೂರಾ ಅಲ್‌ಬಕರಾದಿಂದ ಹಿಡಿದು ಪೂರ್ತಿ ಓದಿಬಿಡುವೆ ಎನ್ನುತ್ತಾರೆ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಈದ್ ಮುಗಿದ ಮೇಲೆ ಆ ಪುಸ್ತಕ ಬಟ್ಟೆ ಸುತ್ತಿಕೊಂಡು ಕಪಾಟಿನ ಮೇಲೇರುತ್ತದೆ. ಹಾಗೆ ಮಾಡಬೇಡಿ. ನೀವು ಅತಿ ಹೆಚ್ಚು ಸಲ ಹೇಳುವ ಅತಿ ಚಿಕ್ಕ ಮಾತಿನಿಂದ ಶುರು ಮಾಡಿ. ಮೊದಲು ತಕ್ಬೀರ್, ಆಮೇಲೆ ರುಕೂ ಮತ್ತು ಸಜ್ದಾದ ತಸ್ಬೀಹ್. ರುಕೂವಿನಿಂದ ಏಳುವಾಗ ಹೇಳುವ ಮಾತೂ ಹಾಗೆಯೇ ಚಿಕ್ಕದು: ಹೊಗಳಿದವನ ಹೊಗಳಿಕೆ ಅಲ್ಲಾಹನಿಗೆ ಕೇಳಿಸಿತು ಎಂದು ಅದರ ತಾತ್ಪರ್ಯ. ಒಂದು ವಾರಕ್ಕೆ ಒಂದೇ ಮಾತು ಸಾಕು. ಆ ವಾರವೆಲ್ಲ ಅದನ್ನು ಹೇಳುವಾಗ ಅರ್ಥವನ್ನು ಜೊತೆಗಿಟ್ಟುಕೊಂಡೇ ಹೇಳಿ. ಹನಿ ಹನಿ ಕೂಡಿದರೆ ಹಳ್ಳ.

ನಿಮಗೆ ಏನೂ ಗೊತ್ತಿಲ್ಲ ಎಂದುಕೊಂಡಿದ್ದೀರಲ್ಲ, ಅದೂ ನಿಜವಲ್ಲ. ನಿಮ್ಮ ರೇಷನ್ ಕಾರ್ಡ್ ತೆಗೆದು ನೋಡಿ. ಮನೆಯಲ್ಲಿ ಒಬ್ಬ ಅಬ್ದುಲ್ ಅಜೀಮ್ ಇದ್ದರೆ ರುಕೂವಿನ ಮಾತಿನ ಕೊನೆಯ ಪದ ಅಲ್ಲೇ ಇದೆ. ಹಮೀದ್, ಅಹಮದ್, ಮಹಮೂದ್, ಈ ಹೆಸರುಗಳಲ್ಲಿರುವುದು ಸೂರಾ ಫಾತಿಹಾ ಶುರುವಾಗುವ 'ಹಮ್ದ್', ಅಂದರೆ ಸ್ತುತಿ. ರಹಮತ್, ರಹೀಮಾ, ಅಬ್ದುಲ್ ರಹಮಾನ್ ಎಲ್ಲ ಕರುಣೆಯ ಒಂದೇ ಬೇರಿನಿಂದ ಬಂದವು. ಹಿದಾಯತುಲ್ಲಾ ಎಂಬ ಹೆಸರಿನಲ್ಲಿರುವ ದಾರಿ ತೋರುವ ಅರ್ಥವೇ ಫಾತಿಹಾದಲ್ಲಿ ನಾವು ಕೇಳುವ ಬೇಡಿಕೆ. 'ಅಬ್ದ್' ಎಂದರೆ ದಾಸ, ಅದೇ ಬೇರಿನಿಂದ 'ಇಬಾದತ್'. ಅರಬಿ ಪದಗಳು ಹೆಚ್ಚಾಗಿ ಮೂರು ವ್ಯಂಜನಗಳ ಒಂದು ಬೇರಿನಿಂದ ಹೊರಡುತ್ತವೆ. ಒಂದು ಬೇರು ಹಿಡಿದರೆ ಹತ್ತು ಪದ ಕೈಗೆ ಸಿಗುತ್ತವೆ. ಕನ್ನಡದವರೆಲ್ಲ ದಿನವೂ ಆಡುವ ಮಾಲೀಕ ಎಂಬ ಪದ ಫಾತಿಹಾದಲ್ಲಿಯೇ ಇದೆ. ಕಾಯಂ ಎಂಬುದೂ, ನೆಟ್ಟಗಿನ ದಾರಿ ಎನ್ನುವಲ್ಲಿ ಬರುವ 'ಮುಸ್ತಕೀಮ್' ಎಂಬುದೂ ಒಂದೇ ಬೇರಿನವು. ನಾವು ಹೇಳುವ ಇನಾಮು, ಅಲ್ಲಾಹನು ಅನುಗ್ರಹಿಸಿದವರು ಎನ್ನುವ ಪದದ ಸಂಬಂಧಿ. ಆದರೆ ಒಂದು ಎಚ್ಚರ ಇರಲಿ. ನಮ್ಮಲ್ಲಿಗೆ ಬಂದು ಅರ್ಥ ಬದಲಿಸಿಕೊಂಡ ಪದಗಳೂ ಇವೆ. ನಮಗೆ ಗರೀಬ ಎಂದರೆ ಬಡವ, ಅರಬಿಯಲ್ಲಿ ಅದು ಪರಕೀಯ, ಅಪರಿಚಿತ. ಆದ್ದರಿಂದ ಊಹೆ ಮಾಡಿ, ಆಮೇಲೆ ಪುಸ್ತಕದಲ್ಲಿ ನೋಡಿ ಖಚಿತ ಮಾಡಿಕೊಳ್ಳಿ.

ಚಿಕ್ಕ ಮಾತುಗಳಾದ ಮೇಲೆ ಫಾತಿಹಾ. ಏಳು ಆಯತ್, ಬಿಸ್ಮಿಲ್ಲಾ ಸೇರಿ 29 ಪದ. ಅದಕ್ಕೆ ಒಂದು ತಿಂಗಳು ಕೊಟ್ಟರೂ ನಷ್ಟವಿಲ್ಲ. ಮೊದಲ ಭಾಗ ಪೂರ್ತಿ ಹೊಗಳಿಕೆ. ಎಲ್ಲ ಲೋಕಗಳ ಪಾಲಕ, ಅಪಾರ ಕರುಣೆಯುಳ್ಳವನು, ತೀರ್ಪಿನ ದಿನದ ಒಡೆಯ ಎಂದು. ನಡುವೆ ಒಂದು ಆಯತ್‌ನಲ್ಲಿ ಮಾತಿನ ದಿಕ್ಕೇ ತಿರುಗುತ್ತದೆ. ಅಲ್ಲಿಯವರೆಗೆ ಅವನ ಬಗ್ಗೆ ಹೇಳುತ್ತಿದ್ದವರು ಈಗ ಅವನಿಗೇ ಹೇಳುತ್ತೇವೆ, ನಿನ್ನನ್ನೇ ಆರಾಧಿಸುತ್ತೇವೆ, ನಿನ್ನಲ್ಲೇ ನೆರವು ಬೇಡುತ್ತೇವೆ ಎಂದು. ಕೊನೆಗೆ ನೇರ ದಾರಿ ತೋರು ಎಂಬ ಬೇಡಿಕೆ. ಸಹೀಹ್ ಮುಸ್ಲಿಂನಲ್ಲಿ ಒಂದು ಹದೀಸ್ ಇದೆ. ಅಲ್ಲಾಹನು ಈ ಪ್ರಾರ್ಥನೆಯನ್ನು ತನಗೂ ದಾಸನಿಗೂ ಅರ್ಧರ್ಧ ಹಂಚಿದ್ದಾನಂತೆ. ದಾಸ ಒಂದೊಂದು ಆಯತ್ ಹೇಳಿದ ಹಾಗೆ ಅವನು ಉತ್ತರ ಕೊಡುತ್ತಾನೆ, ನನ್ನ ದಾಸ ನನ್ನನ್ನು ಹೊಗಳಿದ, ನನ್ನ ದಾಸ ಕೇಳಿದ್ದು ಅವನಿಗುಂಟು ಎಂದು. ಈಗ ಹೇಳಿ, ನೀವು ಏಳೂ ಆಯತ್‌ಗಳನ್ನು ಒಂದೇ ಉಸಿರಿಗೆ ಉರುಳಿಸಿಬಿಟ್ಟರೆ ಆ ಉತ್ತರಕ್ಕೆ ಕಿವಿ ಕೊಟ್ಟಂತಾಯಿತೇ? ಪ್ರತಿ ಆಯತ್ ಮುಗಿದಾಗ ನಿಲ್ಲಿ. ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತು ಸಾಕು.

ಅವಸರದ ಬಗ್ಗೆ ನಿಮ್ಮನ್ನು ಸ್ವಲ್ಪ ಗದರಿಸಲೇಬೇಕು. ಕುಕ್ಕರಿನ ಸೀಟಿ ಎಣಿಸುತ್ತಾ ಅಸರ್ ಮುಗಿಸುತ್ತೀರಿ. ಬಸ್ಸು ಹೊರಡುವ ಮುಂಚೆ ಎಂದು ಜುಹರ್ ಓಡಿಸುತ್ತೀರಿ. ಆತುರಗಾರನಿಗೆ ಬುದ್ಧಿ ಮಟ್ಟ. ಮಸೀದಿಗೆ ಬಂದು ಗಡಿಬಿಡಿಯಲ್ಲಿ ನಮಾಜ್ ಮುಗಿಸಿದ ಒಬ್ಬರನ್ನು ಪ್ರವಾದಿವರ್ಯರು (ಸ) ಮತ್ತೆ ಮತ್ತೆ ವಾಪಸು ಕಳಿಸಿದ್ದು ಬುಖಾರಿಯಲ್ಲೂ ಮುಸ್ಲಿಂನಲ್ಲೂ ಇದೆ. ಹೋಗಿ ನಮಾಜ್ ಮಾಡಿ, ನೀವಿನ್ನೂ ಮಾಡಿಲ್ಲ ಎಂದರು. ನಿದ್ದೆ ತೂಗುತ್ತಿದ್ದರೆ ಮಲಗಿ, ನಿದ್ದೆ ಕಳೆದ ಮೇಲೆ ಎದ್ದು ಮಾಡಿ ಎಂದೂ ಅವರು ಹೇಳಿದ್ದಾರೆ. ಕಾರಣ ನೋಡಿ: ತೂಕಡಿಸುವವನು ಕ್ಷಮೆ ಕೇಳಲು ಹೋಗಿ ತನ್ನನ್ನೇ ಶಪಿಸಿಕೊಂಡಾನು. ಕುರ್‌ಆನಿನ ಸೂರಾ ಅನ್ನಿಸಾದ 43ನೇ ಆಯತ್ ಕೂಡ, ಮದ್ಯದ ನಿಷೇಧ ಪೂರ್ತಿ ಬರುವ ಮೊದಲೇ, ಏನು ಹೇಳುತ್ತಿದ್ದೇವೆ ಎಂಬುದು ತಿಳಿಯುವವರೆಗೆ ಅಮಲಿನಲ್ಲಿ ನಮಾಜಿನ ಹತ್ತಿರ ಹೋಗಬೇಡಿ ಎಂದು ತಡೆಯಿತು. ಹೇಳುವ ಮಾತು ಹೇಳುವವರಿಗೆ ತಿಳಿದಿರಬೇಕು ಎಂಬುದಕ್ಕೆ ಎಷ್ಟು ಬೆಲೆ ಇದೆ ಎಂದು ಇದರಿಂದ ಗೊತ್ತಾಗುತ್ತದೆ. ಅರ್ಥ ತಿಳಿಯದೆ ಮಾಡಿದ ನಮಾಜ್ ಆಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಯಾರಾದರೂ ಹಾಗೆ ಹೆದರಿಸಿದರೆ ನಂಬಬೇಡಿ. ನಿಮ್ಮ ಇಷ್ಟು ವರ್ಷದ ನಮಾಜ್ ವ್ಯರ್ಥವಲ್ಲ. ಇನ್ನು ಮುಂದಿನದು ಇನ್ನೂ ಚೆನ್ನಾಗಲಿ ಅಷ್ಟೇ.

ಅತ್ತಹಿಯ್ಯಾತ್ ಬಗ್ಗೆ ಒಂದೇ ಮಾತು. ಅದರಲ್ಲಿ ಅಲ್ಲಾಹನ ಎಲ್ಲ ಸಜ್ಜನ ದಾಸರಿಗೂ ಸಲಾಂ ಹೇಳುತ್ತೀರಿ. ಆ ಸಲಾಂ ಭೂಮಿಯಲ್ಲೂ ಆಕಾಶದಲ್ಲೂ ಇರುವ ಪ್ರತಿಯೊಬ್ಬ ಸಜ್ಜನನಿಗೂ ತಲುಪುತ್ತದೆ ಎಂದು ಹದೀಸ್ ಇದೆ. ಪಕ್ಕದ ಮನೆಯವರ ಜೊತೆ ಮಾತು ಬಿಟ್ಟು ಕೂತಿದ್ದರೆ, ಇದನ್ನು ಹೇಳುವಾಗ ಅವರ ಮುಖ ನೆನಪಿಗೆ ಬರಲಿ.

ಕಲಿಯುವ ದಾರಿಯಲ್ಲಿ ಕೆಲವು ಗುಂಡಿಗಳಿವೆ, ನೋಡಿ ಹೆಜ್ಜೆ ಇಡಿ. ಕನ್ನಡ ಲಿಪಿಯಲ್ಲಿ ಅರಬಿ ಅಚ್ಚು ಹಾಕಿದ ಪುಸ್ತಕಗಳನ್ನು ಅರ್ಥಕ್ಕೆ ಬಳಸಿ, ಉಚ್ಚಾರಕ್ಕೆ ನೆಚ್ಚಿಕೊಳ್ಳಬೇಡಿ. ಅರಬಿಯ ಎರಡು ಬೇರೆ ಬೇರೆ ಅಕ್ಷರಗಳಿಗೆ ನಮ್ಮಲ್ಲಿ ಇರುವುದು ಒಂದೇ 'ಕ'. ಅವರ ಎರಡು ಬಗೆಯ 'ಹ' ನಮಗೆ ಒಂದೇ. ಗಂಟಲಿನ ಒಳಗಿಂದ ಹೊರಡುವ ಐನ್ ನಮ್ಮಲ್ಲಿ ಬರೀ 'ಅ' ಆಗಿಬಿಡುತ್ತದೆ. ಗಂಟಲಿನ ಆಳದಿಂದ ಹೇಳಿದರೆ 'ಕಲ್ಬ್' ಎಂದರೆ ಹೃದಯ, ನಮ್ಮ ಸಾದಾ 'ಕ' ಹಾಕಿದರೆ ನಾಯಿ. ಇಂಥದ್ದು ಕಾಗದದಿಂದ ಬರುವುದಿಲ್ಲ, ಬಲ್ಲವರ ಬಾಯಿಂದ ಕಿವಿಗೆ ಬರಬೇಕು. ಈ ವಯಸ್ಸಿನಲ್ಲಿ ಕಾಯಿದೆ ಹಿಡಿದು ಕೂರಲು ನಾಚಿಕೆ ಎನ್ನಬೇಡಿ. ತಡವರಿಸುತ್ತಾ ಕಷ್ಟಪಟ್ಟು ಕುರ್‌ಆನ್ ಓದುವವರಿಗೆ ಎರಡು ಪಟ್ಟು ಪುಣ್ಯ ಎಂದು ಹದೀಸ್ ಇದೆ. ನಾಲಿಗೆ ತೊಡರುವ ನಮ್ಮಂಥವರನ್ನು ನೆನೆದೇ ಹೇಳಿದಂತಿದೆ ಅದು.

ಪುಸ್ತಕ ಕೊಳ್ಳುವಾಗ ಯಾವ ಮದ್‌ಹಬ್‌ನದು ಎಂದು ನೋಡಿ. ಕರಾವಳಿಯ ಬ್ಯಾರಿಗಳು ಹೆಚ್ಚಾಗಿ ಶಾಫಿಗಳು, ಬಯಲುಸೀಮೆಯವರು ಹೆಚ್ಚಾಗಿ ಹನಫಿಗಳು. ನಮಾಜಿನ ಆರಂಭದಲ್ಲಿ ಓದುವ ದುಆ ಇಬ್ಬರದೂ ಬೇರೆ. ಶಾಫಿಗಳು ಫಜರ್‌ನಲ್ಲಿ ಕುನೂತ್ ಓದುತ್ತಾರೆ, ಹನಫಿಗಳು ವಿತ್ರ್‌ನಲ್ಲಿ. ಇದನ್ನು ತಿಳಿಯದೆ ಬೇರೆಯವರ ಪುಸ್ತಕ ಓದಿ, ನಮಗೆ ಇಷ್ಟು ದಿನ ತಪ್ಪು ಕಲಿಸಿದರು ಎಂದು ಮನೆಯಲ್ಲಿ ರಂಪ ಮಾಡಿದವರಿದ್ದಾರೆ. ಎರಡೂ ಸರಿಯೇ. ಹಾಗೆಯೇ ದುಬೈಯಲ್ಲೋ ರಿಯಾದ್‌ನಲ್ಲೋ ದುಡಿಯುವ ಮಗನಿಗೆ ಅರಬಿ ಬರುತ್ತದೆ, ಅವನನ್ನೇ ಕೇಳಿದರಾಯಿತು ಎನ್ನಬೇಡಿ. ಅಂಗಡಿ ಮುಂಗಟ್ಟಿನಲ್ಲಿ ಅವನು ಕಲಿತದ್ದು ಆಡುಮಾತು, ಕುರ್‌ಆನಿನ ಅರಬಿ ಬೇರೆ. ಮಂಗಳೂರಿನ ಶಾಂತಿ ಪ್ರಕಾಶನ ಕುರ್‌ಆನಿನ ಕನ್ನಡ ಅನುವಾದ ಹೊರತಂದಿದೆ, ಅಂಥದ್ದೊಂದು ಮನೆಯಲ್ಲಿರಲಿ. ಬಿಡಿಸಿ ಹೇಳಲು ಊರಿನ ಹಜರತರಿದ್ದಾರೆ, ಉಸ್ತಾದರಿದ್ದಾರೆ, ಅವರನ್ನು ಕೇಳಿ. ಗೌರವದಿಂದ ಕೇಳಿದರೆ ಬೇಡವೆನ್ನುವವರು ಕಡಿಮೆ. ಜುಮಾದ ದಿನ ಖುತ್ಬಾಕ್ಕೆ ಮುಂಚಿನ ಬಯಾನ್ ಕನ್ನಡದಲ್ಲಿ ಬೇಕೆಂದು ಜಮಾಅತ್ ಕಮಿಟಿಗೆ ಹೇಳಲೂ ಹಿಂಜರಿಯಬೇಡಿ. ಕೆಲವು ಊರುಗಳಲ್ಲಿ ಈಗಾಗಲೇ ಹಾಗೆ ನಡೆಯುತ್ತಿದೆ, ಮೊಬೈಲ್ ಒತ್ತುತ್ತಾ ಕೂರುತ್ತಿದ್ದ ಹುಡುಗರು ತಲೆ ಎತ್ತಿ ಕೇಳುತ್ತಾರೆ.

ಇನ್ನೊಂದು ಮಾತು. ನಾಲ್ಕು ಅರ್ಥ ಕಲಿತ ಕೂಡಲೇ ಪಕ್ಕದವರನ್ನು ತಿದ್ದಲು ಹೋಗಬೇಡಿ. ಅನುವಾದದ ಒಂದು ಸಾಲು ಹಿಡಿದು ವಾಟ್ಸಾಪಿನಲ್ಲಿ ಹರಾಮ್ ಹಲಾಲ್ ಹಂಚಬೇಡಿ. ಅರ್ಥ ಬಾರದೆಯೂ ಕಣ್ಣಲ್ಲಿ ನೀರು ತಂದುಕೊಂಡು ನಮಾಜ್ ಮಾಡುವ ಅಜ್ಜಿಯ ಮುಂದೆ ನಿಮ್ಮ ಪದಕೋಶ ಬಿಚ್ಚಬೇಡಿ. ತುಂಬಿದ ಕೊಡ ತುಳುಕುವುದಿಲ್ಲ.

ಜನಾಜಾ ನಮಾಜಿನ ಮಾತು ಹೇಳದೆ ಇರಲಾರೆ. ಅದರಲ್ಲಿ ರುಕೂ ಇಲ್ಲ, ಸಜ್ದಾ ಇಲ್ಲ, ನಾಲ್ಕು ತಕ್ಬೀರ್ ಅಷ್ಟೇ. ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಮೂರನೆಯ ತಕ್ಬೀರ್ ಆದ ಮೇಲೆ ತೀರಿಕೊಂಡವರಿಗಾಗಿ ದುಆ. ನಮ್ಮ ಕಡೆ ಹೆಚ್ಚಾಗಿ ಓದುವ ದುಆದಲ್ಲಿ ಬದುಕಿರುವವರಿಗೂ ಸತ್ತವರಿಗೂ, ಇಲ್ಲಿ ನಿಂತವರಿಗೂ ಬರಲಾಗದವರಿಗೂ, ಚಿಕ್ಕವರಿಗೂ ದೊಡ್ಡವರಿಗೂ, ಗಂಡಸರಿಗೂ ಹೆಂಗಸರಿಗೂ ಸೇರಿಸಿ ಕ್ಷಮೆ ಬೇಡುತ್ತೇವೆ. ಇಷ್ಟು ದೊಡ್ಡ ಮಾತು ಅದು. ತಂದೆಯ ಜನಾಜಾ ಮುಂದಿಟ್ಟುಕೊಂಡು ನಿಂತ ಮಗನಿಗೆ ಆ ಹೊತ್ತಿನಲ್ಲಿ ಅದು ಬಾರದೆ ಸುಮ್ಮನೆ ಕೈ ಕಟ್ಟಿ ನಿಲ್ಲುವಂತಾದರೆ, ಆಮೇಲೆ ಅವನಿಗಾಗುವ ನೋವು ದೊಡ್ಡದು. ಹಡೆದವರಿಗಾಗಿ ಮಗ ಸಾಲಿನಲ್ಲಿ ನಿಂತು ಕೇಳಬಹುದಾದ ಕೊನೆಯ ಬೇಡಿಕೆ ಅದು. ಸಾವು ಹೇಳಿ ಕೇಳಿ ಬರುವುದಿಲ್ಲ, ಆ ದಿನ ಕಲಿಯಲು ಪುರುಸೊತ್ತೂ ಇರುವುದಿಲ್ಲ. ಈಗಲೇ ಕಲಿಯಿರಿ, ಗಂಡುಮಕ್ಕಳಿಗೆ ಕಲಿಸಿ. ನಮ್ಮ ಕಡೆ ಹೆಣ್ಣುಮಕ್ಕಳು ಜನಾಜಾ ನಮಾಜಿಗೆ ಹೋಗುವುದು ಅಪರೂಪ, ಆದರೆ ಮನೆಯಲ್ಲಿ ಕೂತು ಅದೇ ದುಆ ಕೇಳಲು ಯಾರ ಅಡ್ಡಿಯೂ ಇಲ್ಲ.

ನಿಮ್ಮ ಸ್ವಂತ ಕಷ್ಟಸುಖ ಹೇಳಿಕೊಳ್ಳಲು ಅರಬಿ ಬಾರದು ಎಂದು ಕೊರಗುತ್ತೀರಾ? ಅದಕ್ಕೆ ಕಾರಣವೇ ಇಲ್ಲ. ನಮಾಜಿನ ಒಳಗೆ ಬೇರೆ ಭಾಷೆ ತರುವ ವಿಚಾರದಲ್ಲಿ ವಿದ್ವಾಂಸರ ಅಭಿಪ್ರಾಯ ಒಂದೇ ಇಲ್ಲ, ಅದನ್ನು ನಿಮ್ಮ ಹಜರತರ ಹತ್ತಿರ ಕೇಳಿಕೊಳ್ಳಿ. ಆದರೆ ಸಲಾಂ ಹೇಳಿ ಮುಗಿಸಿ ಕೈ ಎತ್ತಿದ ಮೇಲೆ ಭಾಷೆಯ ಕಟ್ಟಿಲ್ಲ. ಮಗಳ ಮದುವೆ, ಮೊಮ್ಮಗನ ಜ್ವರ, ಸಾಲದ ಚಿಂತೆ, ಎಲ್ಲ ನಿಮ್ಮ ಕನ್ನಡದಲ್ಲೇ ಹೇಳಿ. ಕೇಳುವವನಿಗೆ ಕನ್ನಡ ಬರುತ್ತದೆ. ಬಾಯಿಪಾಠದ ದುಆ ಉದುರಿಸಿ, ಮುಖದ ಮೇಲೆ ಕೈ ಸವರಿ ಎದ್ದುಬಿಡಬೇಡಿ, ಎರಡು ನಿಮಿಷ ಕೂತು ಮಾತಾಡಿ.

ರಮಜಾನಿನಲ್ಲಿ ತರಾವೀಹ್‌ಗೆ ನಿಲ್ಲುತ್ತೀರಲ್ಲ, ಆ ರಾತ್ರಿ ಹಾಫಿಜರು ಎಲ್ಲಿಂದ ಓದುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಅಸರ್ ಆದ ಮೇಲೆ, ಇಫ್ತಾರಿನ ತಯಾರಿಗೆ ಮುಂಚೆ, ಆ ಭಾಗದ ಕನ್ನಡ ಅನುವಾದದಲ್ಲಿ ಒಂದು ಕಥೆಯನ್ನಾದರೂ ಓದಿ. ಯೂಸುಫರದ್ದೋ, ಮೂಸಾರದ್ದೋ, ಮರ್ಯಮರದ್ದೋ. ರಾತ್ರಿ ಆ ಹೆಸರು ಕಿವಿಗೆ ಬಿದ್ದಾಗ ಕಾಲುನೋವು ಮರೆತುಹೋಗುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಸೂರಾ ಇಖ್ಲಾಸ್‌ನಲ್ಲಿ ನಾಲ್ಕೇ ಆಯತ್, ಕೌಸರ್ ಮತ್ತು ಅಸರ್‌ಗಳಲ್ಲಿ ಮೂರು ಮೂರೇ. ಬಾಯಿಪಾಠ ಮಾಡಿಸುವ ದಿನವೇ ಅರ್ಥವನ್ನೂ ಕನ್ನಡದಲ್ಲಿ ಹೇಳಿಬಿಡಿ, ಮಗುವಿಗೆ ಎರಡೂ ಒಟ್ಟಿಗೆ ಕೂರುತ್ತವೆ. ಎಷ್ಟು ಸೂರಾ ಬರುತ್ತದೆ ಎಂದು ನೆಂಟರ ಮುಂದೆ ನಿಲ್ಲಿಸಿ ಓದಿಸುವ ಚಪಲ ಕಡಿಮೆ ಮಾಡಿ, ಒಂದರಲ್ಲಿ ಏನಿದೆ ಎಂದು ಕೇಳಿ. ಮಗು ತಾನಾಗಿ 'ಇದರ ಅರ್ಥ ಏನು?' ಎಂದರೆ, ಹಾಗೆಲ್ಲ ಕೇಳಬಾರದು ಎಂದು ಬಾಯಿ ಮುಚ್ಚಿಸಬೇಡಿ. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ನಾಳೆ ಇಬ್ಬರೂ ಹೋಗಿ ಹಜರತರನ್ನು ಕೇಳೋಣ ಎನ್ನಿ, ನಾಳೆ ಮರೆಯದೆ ಕೈ ಹಿಡಿದು ಕರೆದುಕೊಂಡು ಹೋಗಿ.